‘ಶ್!’ ಮತ್ತು ನಮ್ಮೂರ ದೆವ್ವಗಳು

ಉಪೇಂದ್ರ ಅಂದ ಕೂಡಲೇ ನಮ್ಮ ಹುಣಸೂರು ಕಡೆಯ ಹುಡುಗರು ‘ಓಂ’, ‘ಎ’, ‘ಉಪೇಂದ್ರ’ ಅಂತ ಶುರು ಮಾಡುತ್ತಾರೆ. 1995ರ ‘ಓಂ’ ಎಷ್ಟು ಸಲ ಮರುಬಿಡುಗಡೆಯಾಯಿತು ಅನ್ನುವುದೇ ಒಂದು ದೊಡ್ಡ ಚರ್ಚೆ. ಅದಕ್ಕೂ ಎರಡು ವರ್ಷ ಮೊದಲು, 1993ರಲ್ಲಿ, ಇದೇ ಉಪೇಂದ್ರ ನಿರ್ದೇಶಿಸಿದ ‘ಶ್!’ ಬಗ್ಗೆ ಕೇಳಿ ನೋಡಿ. ‘ಅದರಲ್ಲಿ ಒಂದು ಒಳ್ಳೇ ಹಾಡಿತ್ತಲ್ವಾ?’ ಅಂದು ಸುಮ್ಮನಾಗುತ್ತಾರೆ. ಹಾಡು ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಉಳಿಯಿತು, ಸಿನಿಮಾ ಹಿಂದೆ ಸರಿಯಿತು.

ನನ್ನ ಪ್ರಕಾರ ‘ಶ್!’ ಕನ್ನಡದ ಮಟ್ಟಿಗೆ ಸ್ಲ್ಯಾಷರ್‌ಗೆ ತೀರಾ ಹತ್ತಿರ ಬಂದ ಚಿತ್ರ. ಸ್ಲ್ಯಾಷರ್ ಅಂದರೆ ಇಷ್ಟೇ: ಊರಿಂದ ದೂರದ ಒಂದು ಜಾಗ, ಅಲ್ಲಿ ಸೇರಿದ ಒಂದಷ್ಟು ಜನ, ಮುಖ ತೋರಿಸದ ಒಬ್ಬ ಕೊಲೆಗಾರ. ಒಬ್ಬೊಬ್ಬರಾಗಿ ಸಾಯುತ್ತಾ ಹೋಗುತ್ತಾರೆ. ‘ಶ್!’ನಲ್ಲಿ ಆ ಜಾಗಕ್ಕೆ ಬರುವುದು ಒಂದು ಸಿನಿಮಾ ತಂಡ. ಅಲ್ಲಿ ನಡೆಯುವ ಕೊಲೆಗಳನ್ನೆಲ್ಲ ಜನ ದೆವ್ವದ ತಲೆಗೆ ಕಟ್ಟಿದ್ದಾರೆ. ಶೂಟಿಂಗ್‌ನವರ ಹತ್ತಿರ ಬಣ್ಣ, ವೇಷ, ಲೈಟು ಎಲ್ಲಾ ಇರುತ್ತೆ. ಹೀಗಾಗಿ ಯಾವುದು ನಾಟಕ, ಯಾವುದು ನಿಜ ಅನ್ನುವ ಗುಮಾನಿ ನೋಡುವವರಿಗೂ ಅಂಟಿಕೊಳ್ಳುತ್ತೆ. ಭಯದ ಸಿನಿಮಾದೊಳಗೆ ಸಿನಿಮಾದವರನ್ನೇ ತಂದು ಕೂರಿಸಿದ ಹಾಲಿವುಡ್‌ನ ‘ಸ್ಕ್ರೀಮ್’ ಸರಣಿ ಜಗತ್ತಿಗೆಲ್ಲ ಗೊತ್ತು. ಅದರ ಮೊದಲ ಭಾಗ ಬಂದಿದ್ದೇ 1996ರಲ್ಲಿ, ನಮ್ಮ ‘ಶ್!’ಗಿಂತ ಮೂರು ವರ್ಷ ತಡವಾಗಿ.

ಇದು ಇದ್ದಕ್ಕಿದ್ದಂತೆ ಹುಟ್ಟಿದ್ದೂ ಅಲ್ಲ. 1978ರಲ್ಲಿ ಅಮೆರಿಕದಲ್ಲಿ ಜಾನ್ ಕಾರ್ಪೆಂಟರ್ ‘ಹ್ಯಾಲೋವೀನ್’ ತೆಗೆದರು. ದುಡ್ಡಿಲ್ಲದ ಸಿನಿಮಾ. ಅಂಗಡಿಯಲ್ಲಿ ಎರಡು ಡಾಲರ್‌ಗೂ ಕಡಿಮೆಗೆ ಸಿಕ್ಕ ಮುಖವಾಡಕ್ಕೆ ಬಿಳಿ ಬಣ್ಣ ಬಳಿದು ಕೊಲೆಗಾರನಿಗೆ ಹಾಕಿದ್ದರು. ಅದೇ ವರ್ಷ ನಮ್ಮಲ್ಲಿ ಕಾಶಿನಾಥ್ ‘ಅಪರಿಚಿತ’ ಅನ್ನುವ ಸಸ್ಪೆನ್ಸ್ ಚಿತ್ರ ಮಾಡಿದರು. ನಾಯಕ ಸುರೇಶ್ ಹೆಬ್ಳೀಕರ್. ಆ ಕಾಶಿನಾಥ್ ಅವರ ಗರಡಿಯಲ್ಲಿ ಪಳಗಿದವರು ಉಪೇಂದ್ರ. ‘ಶ್!’ನಲ್ಲಿ ಕುಮಾರ್ ಗೋವಿಂದ್ ಜೊತೆ ಕಾಶಿನಾಥ್ ಇದ್ದಾರೆ, ಹೆಬ್ಳೀಕರ್ ಕೂಡ ಇದ್ದಾರೆ. ಸಂಗೀತ ಸಾಧು ಕೋಕಿಲ ಅವರದು. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಸೆಟ್ ಇಲ್ಲ. ಇರುವುದು ಕತ್ತಲೆ, ಸದ್ದು, ಅನುಮಾನ.

ಕೊರತೆ ಇಲ್ಲ ಅನ್ನಲ್ಲ. ಹಾಸ್ಯ ಅಲ್ಲಲ್ಲಿ ಎಳೆದಂತಾಗುತ್ತೆ, ಹಾಡು ಬಂದಾಗ ಬಿಗಿ ಸಡಿಲವಾಗುತ್ತೆ. ಆದರೂ ಇದನ್ನು ಮತ್ತೆ ನೋಡಿ ಅಂತ ನಾನು ಹೇಳುವುದಕ್ಕೆ ಕಾರಣ ಅದು ಬಂದ ಕಾಲ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲೇ ಕೂಗುತ್ತೆ, ಇದನ್ನು ಓದಿದರೆ ವಾಪಸ್ ಹೋಗುತ್ತೆ ಅನ್ನುವ ನಂಬಿಕೆ. 2018ರಲ್ಲಿ ಹಿಂದಿಯ ‘ಸ್ತ್ರೀ’ ಅದೇ ಬಗೆಯ ಗೋಡೆಬರಹ ಇಟ್ಟುಕೊಂಡು ದೊಡ್ಡ ದುಡ್ಡು ಮಾಡಿತು. ಅಲ್ಲಿ ದೆವ್ವ ದೆವ್ವವೇ. ‘ಶ್!’ ಮಾತ್ರ ಆ ಭಯದ ದಶಕದಲ್ಲೇ ನಿಂತು, ದೆವ್ವದ ಹಿಂದೆ ಮನುಷ್ಯನ ಕೈ ಹುಡುಕಿ ಅಂದಿತು. ಯಾರ ಕೈ ಅಂತ ಇಲ್ಲಿ ಹೇಳಲ್ಲ, ನೋಡಿ ತಿಳಿಯಿರಿ.

ಹೋದ ಸಲ ಹೊಗೆಸೊಪ್ಪಿನ ಕಾಲದಲ್ಲಿ ಪಿರಿಯಾಪಟ್ಟಣ ಕಡೆಯ ಒಂದು ಬ್ಯಾರನ್ ಹತ್ತಿರ ಇದನ್ನು ಮೊಬೈಲ್‌ನಲ್ಲಿ ಹಾಕಿದ್ದೆ. ಸೊಪ್ಪು ಹದವಾಗಲು ಐದಾರು ದಿನ ಬೇಕು. ಅಷ್ಟೂ ರಾತ್ರಿ ಯಾರಾದರೂ ಎದ್ದಿದ್ದು ಬೆಂಕಿ ನೋಡಿಕೊಳ್ಳಲೇಬೇಕು. ದೆವ್ವದ ಕಥೆಗಳು ಹುಟ್ಟುವುದೇ ಅಲ್ಲಿ. ಸೌದೆ ತಳ್ಳುತ್ತಿದ್ದ ಅಜ್ಜ ಅರ್ಧ ಸಿನಿಮಾಗೇ ತೀರ್ಪು ಕೊಟ್ಟರು:

“ದೆವ್ವುಕ್ಕೆ ಮೊಕ ಮರೆ ಮಾಡ್ಕಳೋ ಕರ್ಮ ಏನ್ ಸಾ? ಮೊಕ ಮುಚ್ಕತಾವ್ನೆ ಅಂದ್ರೆ ಅವ್ನು ನಮಗ್ ಗೊತ್ತಿರೋನೇ.”

ನಾನು ನಾಲ್ಕು ತಾಲ್ಲೂಕು ಸುತ್ತುವ ಸ್ಟ್ರಿಂಗರ್. ವರ್ಷಕ್ಕೆ ಒಂದೆರಡಾದರೂ ‘ದೆವ್ವ ಕಾಣಿಸಿಕೊಂಡಿದೆ, ಬನ್ನಿ’ ಅನ್ನುವ ಫೋನ್ ಬರುತ್ತೆ. ಕೆ.ಆರ್. ನಗರ ಕಡೆಯ ಒಂದೂರಲ್ಲಿ ನಾಲೆ ಏರಿ ಮೇಲೆ ಬಿಳಿ ಸೀರೆಯವಳು ಓಡಾಡುತ್ತಾಳೆ ಅಂತ ಸುದ್ದಿ ಹಬ್ಬಿತ್ತು. ಎಂಟು ಗಂಟೆ ಮೇಲೆ ಆ ಕಡೆ ಯಾರೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಏರಿ ತುಂಬಾ ಟ್ರ್ಯಾಕ್ಟರ್ ಚಕ್ರದ ಗುರುತು, ದಾರಿಯುದ್ದಕ್ಕೂ ಚೆಲ್ಲಿದ ಮರಳು.

ಅದು ಮರಳಿನ ವಿಷಯ. ಎಚ್.ಡಿ. ಕೋಟೆ ಕಡೆ ಮದುವೆಯಾಗಿ ವರ್ಷವೂ ತುಂಬದ ಹೆಣ್ಣುಮಗಳೊಬ್ಬಳು ಬಾವಿಯಲ್ಲಿ ಹೆಣವಾಗಿ ಸಿಕ್ಕಾಗ, ಪೊಲೀಸರು ಮಹಜರಿಗೆ ಬರುವ ಮೊದಲೇ ಊರು ‘ಮೋಹಿನಿ ಎಳಕೊಂಡ್ಳು’ ಅಂತ ತೀರ್ಮಾನಿಸಿತ್ತು. ಡೆಸ್ಕ್‌ನವರೂ ಬಾವಿಯ ಮೋಹಿನಿ ಕಥೆಯನ್ನೇ ಕೇಳಿದರು. ನಾನು ಬರೆದು ಕಳಿಸಿದ್ದು ‘ಅನುಮಾನಾಸ್ಪದ ಸಾವು, ತಂದೆಯಿಂದ ದೂರು’ ಅನ್ನುವ ಆರು ಸಾಲು. ಮಾರನೇ ದಿನ ಮೂರು ಸಾಲು ಅಚ್ಚಾಯಿತು. ದೂರು ಅನ್ನುವ ಪದ ಮಾತ್ರ ಉಳಿದಿತ್ತು. ಆ ತಂದೆ ಪೇಪರ್ ತುಂಡನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಠಾಣೆಗೆ ಹೋದರು.

ದೆವ್ವದ ಮೇಲೆ ಎಫ್‌ಐಆರ್ ಆಗಲ್ಲ. ಊರಲ್ಲಿ ದೆವ್ವದ ಸುದ್ದಿ ಯಾರಿಗೆ ಅನುಕೂಲ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತೆ. ಹಾಗಾಗಿ ಡಿಪ್ಲೊಮಾ ಮುಗಿಸಿ ನಮ್ಮ ಕಡೆ ವರದಿಗಾರಿಕೆಗೆ ಬರುವ ತಮ್ಮ ತಂಗಿಯರಿಗೆ ನಾನು ‘ಶ್!’ ನೋಡಿ ಅಂತ ಹೇಳುತ್ತೇನೆ. ಈ ಸುದ್ದಿ ಮೊದಲು ಯಾರ ಬಾಯಿಂದ ಬಂತು? ಕಣ್ಣಾರೆ ಕಂಡವರು ಯಾರು? ಜನ ಆ ಜಾಗಕ್ಕೆ ಹೋಗದಿದ್ದರೆ ಲಾಭ ಯಾರಿಗೆ? ಹೆದರಿಸುತ್ತಲೇ ಈ ಮೂರು ಪ್ರಶ್ನೆ ಕೇಳಲು ಕಲಿಸುವ ಸಿನಿಮಾ ನಮ್ಮ ಭಾಷೆಯಲ್ಲೇ ಇದೆ. ರಾತ್ರಿ ನೋಡಿ, ಜೊತೆಗೆ ಯಾರಾದರೂ ಇರಲಿ.