ಹಿಕ್ಕೆಯಲ್ಲಿ ಉಳಿದ ಊಟದ ಲೆಕ್ಕ

ಡಿಸೆಂಬರ್ ಎಂದರೆ ಆಸ್ಟ್ರೇಲಿಯಾದಲ್ಲಿ ಬೇಸಿಗೆ. ಆದರೂ ಮೆಲ್ಬರ್ನ್‌ನಿಂದ ಸುಮಾರು 140 ಕಿ.ಮೀ. ದೂರದ ಫಿಲಿಪ್ ದ್ವೀಪದ ಕಡಲತೀರದಲ್ಲಿ ಸ್ವೆಟರ್ ಸಾಲದೆ ಶಾಲು ಹೊದ್ದು ಕೂತಿದ್ದೆ. ರಾತ್ರಿ ಒಂಬತ್ತರ ಹೊತ್ತಿಗೆ ಬೆಳಕು ಕರಗಿತು. ನೊರೆಯೊಳಗಿಂದ ಪುಟ್ಟ ತಲೆಯೊಂದು ಎದ್ದು, ಹೆದರಿ ಮತ್ತೆ ನೀರಿಗಿಳಿಯಿತು. ಆಮೇಲೆ ಹತ್ತು ಹನ್ನೆರಡು ಒಟ್ಟಾಗಿ ಬಂದು, ಮರಳು ದಾಟಿ, ಪೊದೆಗಳತ್ತ ಓಡಿದವು. ಒಂದಡಿಗಿಂತ ತುಸು ಎತ್ತರ, ಕಿಲೋದಷ್ಟು ತೂಕ. ಮುಂಬಯಿಯ ಬೈಕುಲಾದಲ್ಲಿ ಗಾಜಿನಾಚೆ ನಾವು ನೋಡುವ ಹಂಬೋಲ್ಟ್ ಪೆಂಗ್ವಿನ್ ಇವಕ್ಕೆ ದೊಡ್ಡಣ್ಣ.

ಹಲಗೆಯ ದಾರಿಯಲ್ಲಿ ನಡೆದರೆ ಇಕ್ಕೆಲದ ಬಿಲಗಳಿಂದ ಮರಿಗಳ ಹಸಿದ ಕೂಗು. ತಾಯಿಯೋ ತಂದೆಯೋ ಹೊಟ್ಟೆಯಲ್ಲಿ ತಂದ ಮೀನನ್ನು ಕಕ್ಕಿ ಉಣಿಸಬೇಕು. ಹಗಲಿಡೀ ಕಡಲಲ್ಲಿ ಅವು ಏನು ತಿಂದವೆಂದು ತಿಳಿಯುವುದು ಹೇಗೆ?

ಹಿಂದೆ ವಿಜ್ಞಾನಿಗಳು ಹಕ್ಕಿಯ ಗಂಟಲಿಗೆ ಕೊಳವೆ ಇಳಿಸಿ, ನೀರು ತುಂಬಿ, ತಲೆಕೆಳಗು ಹಿಡಿದು ಕಕ್ಕಿಸುತ್ತಿದ್ದರು. ಮರಿಯ ಅಂದಿನ ತುತ್ತು ಬಕೆಟ್ಟಿನ ಪಾಲಾಗುತ್ತಿತ್ತು. ಅದರಲ್ಲೂ ಗುರುತು ಸಿಗುತ್ತಿದ್ದುದು ಮೀನಿನ ಕಿವಿಗಲ್ಲು, ಸ್ಕ್ವಿಡ್‌ನ ಕೊಕ್ಕಿನಂಥ ಗಟ್ಟಿ ವಸ್ತುಗಳದ್ದೇ ಹೆಚ್ಚು.

ಈಗ ಗೂಡಿನ ಬಳಿಯ ಹಿಕ್ಕೆಯೇ ಸಾಕು. ಜೀರ್ಣವಾದ ಮೇಲೂ ಬೇಟೆಯ ಡಿಎನ್ಎ ಚೂರುಗಳು ಅದರಲ್ಲಿ ಉಳಿದಿರುತ್ತವೆ. ಬಿಸಿಲಿಗೆ ಹಾಳಾಗುವ ಮೊದಲು ತಾಜಾ ಹಿಕ್ಕೆಯನ್ನು ಎತ್ತಿ, ಆ ಚೂರುಗಳನ್ನು ಪ್ರಯೋಗಾಲಯದಲ್ಲಿ ನಕಲು ಮಾಡಿ ಹೆಚ್ಚಿಸಿ, ಗೊತ್ತಿರುವ ಜೀವಿಗಳ ಡಿಎನ್ಎ ಜೊತೆ ಹೋಲಿಸುತ್ತಾರೆ. ಅಂಗಡಿಯ ಬಾರ್‌ಕೋಡ್ ಓದಿದ ಹಾಗೆ. ಹಕ್ಕಿಯನ್ನು ಮುಟ್ಟುವುದೇ ಬೇಡ.

ಹೀಗೆ ಹುಡುಕಿದಾಗ ಸಾಲ್ಪ್‌ಗಳು ಸಿಕ್ಕವು. ಇವು ಲೋಳೆಯಂಥ ಪಾರದರ್ಶಕ ಜೀವಿಗಳು, ಎಲುಬಿಲ್ಲ, ಚಿಪ್ಪಿಲ್ಲ. ಹಳೆಯ ವಿಧಾನದ ಕಣ್ಣಿಗೆ ಬೀಳದೇ ಇದ್ದದ್ದು ಸಹಜ. ಆದರೆ ಹಿಕ್ಕೆ ಎಲ್ಲವನ್ನೂ ಹೇಳುವುದಿಲ್ಲ. ಸಾಕಿದ ಪೆಂಗ್ವಿನ್‌ಗಳಿಗೆ ಅಳೆದು ಮೀನು ತಿನ್ನಿಸಿ ನೋಡಿದ 2010ರ ಅಧ್ಯಯನದಲ್ಲಿ, ತಿಂದ ತೂಕಕ್ಕೂ ಸಿಕ್ಕ ಡಿಎನ್ಎ ಪ್ರಮಾಣಕ್ಕೂ ಸರಿಯಾಗಿ ತಾಳೆಯಾಗಲಿಲ್ಲ. ಏನು ತಿಂದಿತು ಎಂಬುದು ತಿಳಿದೀತು; ಎಷ್ಟು ಎಂಬುದನ್ನು ಎಚ್ಚರದಿಂದ ಹೇಳಬೇಕು.

ಇಷ್ಟೆಲ್ಲ ಯಾಕೆ? 1995ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕಡಲಲ್ಲಿ ಸಾರ್ಡೀನ್ ಮೀನುಗಳು, ಅಂದರೆ ನಮ್ಮ ಬೂತಾಯಿಯ ನೆಂಟರು, ರೋಗ ತಗುಲಿ ರಾಶಿರಾಶಿಯಾಗಿ ಸತ್ತವು. ಅದರ ಬೆನ್ನಿಗೇ ಈ ತೀರಗಳಲ್ಲಿ ಪೆಂಗ್ವಿನ್‌ಗಳ ಸಾವು ಹೆಚ್ಚಿತು, ಮರಿಗಳು ಕಡಿಮೆಯಾದವು. ಬೂತಾಯಿ ಬಾರದ ವರ್ಷ ಮಂಗಳೂರು, ಮಲ್ಪೆಯ ಮನೆಗಳಲ್ಲಿ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ನಿಂತಿದ್ದ ಸಮ್ಮರ್‌ಲ್ಯಾಂಡ್‌ನಲ್ಲಿ ಒಂದು ಕಾಲಕ್ಕೆ ಮನುಷ್ಯರ ಮನೆಗಳಿದ್ದವು. 1985ರಲ್ಲಿ ಸರಕಾರ ಅವನ್ನು ಕೊಳ್ಳಲು ನಿರ್ಧರಿಸಿತು. 2010ರ ಹೊತ್ತಿಗೆ ಆ ಕೆಲಸ ಮುಗಿದು, ಜಾಗ ಪೆಂಗ್ವಿನ್‌ಗಳದಾಯಿತು. ನೆಲವನ್ನು ಹೀಗೆ ಬಿಟ್ಟುಕೊಡಬಹುದು. ಕಡಲಿನ ಮೀನನ್ನು ಹಾಗೆ ಬರೆದುಕೊಡಲಾಗದು. ಅಲ್ಲಿ ಏನು ಬದಲಾಗುತ್ತಿದೆಯೆಂದು ವರ್ಷವರ್ಷವೂ ನೋಡುತ್ತಿರಬೇಕು, ಅಷ್ಟೆ.

ವಾಹನ ನಿಲುಗಡೆಯಲ್ಲಿ ಫಲಕವಿತ್ತು: ಹೊರಡುವ ಮೊದಲು ಕಾರಿನಡಿ ಪೆಂಗ್ವಿನ್ ಇದೆಯೇ ನೋಡಿ. ಬಗ್ಗಿ ನೋಡಿದೆ, ಇರಲಿಲ್ಲ. ಚಕ್ರದ ಪಕ್ಕ ಬಿಳಿ ಕಲೆಯೊಂದಿತ್ತು. ಕಡಲಕ್ಕಿಯದೋ ಪೆಂಗ್ವಿನ್‌ನದೋ ಗೊತ್ತಾಗಲಿಲ್ಲ. ಯಾಕಿದ್ದೀತೆಂದು, ತುಳಿಯದೆ ದಾಟಿ ಕಾರು ಹತ್ತಿದೆ.