ಕಾರ್ಖಾನೆಯ ಅಡಿಯ ಮೋರಿ

ಮಳೆಯನ್ನಳೆಯುವ ವಿದ್ಯೆ ಭರತಖಂಡಕ್ಕೆ ಹೊಸದಲ್ಲ. ಉಗ್ರಾಣದ ಬಳಿ ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನಿರಿಸಿ ವರ್ಷಮಾನವನ್ನು ತಿಳಿಯಬೇಕೆಂದು ಕೌಟಿಲ್ಯನು ವಿಧಿಸಿರುವನು. ಆ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚಿಗೆ ತಂದು ಲೋಕಕ್ಕಿತ್ತವರು ಮೈಸೂರಿನ ಶಾಮಾಶಾಸ್ತ್ರಿಗಳೆಂಬುದು ಕನ್ನಡಿಗರು ಮರೆಯತಕ್ಕ ಮಾತಲ್ಲ. ಆದರೆ ಕುಂಡವು ಹೇಳುವುದು ಎಷ್ಟು ಬಿದ್ದಿತೆಂಬುದನ್ನು ಮಾತ್ರ. ಬೇಸಾಯಗಾರನಿಗೆ ಬಹುಮಟ್ಟಿಗೆ ಅಷ್ಟು ಸಾಕು. ಮೋರಿ ಕಟ್ಟುವವನಿಗೆ ಎಷ್ಟು ಬೇಗ ಬಿದ್ದಿತು, ಎಷ್ಟು ಬೇಗ ಹರಿದುಬಂದಿತು ಎಂಬುದೇ ಮುಖ್ಯ.

2022ನೆಯ ಇಸವಿ ಸೆಪ್ಟೆಂಬರ್ 5ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿಲಿಮೀಟರು ಮಳೆಯಾಯಿತು. ಸಮನಾಗಿ ಹಂಚಿದರೆ ಗಂಟೆಗೆ ಐದೂವರೆ ಮಿಲಿಮೀಟರು. ಅಷ್ಟನ್ನು ಸಾಧಾರಣವಾದ ಕೊಳವೆಯೂ ಸಾಗಿಸೀತು. ಮಳೆರಾಯನಾದರೋ ಹಾಗೆ ಹಂಚುವವನಲ್ಲ. ರಾಜಕಾಲುವೆಗಳು ಉಕ್ಕಿ, ನಗರದ ಪೂರ್ವಭಾಗದ ಬೀದಿಗಳಲ್ಲಿ ಜನರು ದೋಣಿಯನ್ನೂ ಟ್ರಾಕ್ಟರನ್ನೂ ಏರಬೇಕಾಯಿತು.

ಈ ವೇಗದ ಮರ್ಮವನ್ನು ಐರ್ಲೆಂಡಿನ ಮಲ್ವಾನಿ ಎಂಬ ಇಂಜಿನಿಯರು 1851ರಲ್ಲಿಯೇ ವಿವರಿಸಿದ್ದನು. ಆ ಎಣಿಕೆಯ ಈಗಿನ ರೂಪ ಸರಳವಾದುದು: ನೀರು ಹರಿದುಬರುವ ನೆಲದ ಹೆಕ್ಟೇರುಗಳನ್ನು ಗಂಟೆಯ ಮಳೆಯ ಮಿಲಿಮೀಟರುಗಳಿಂದ ಗುಣಿಸಿ, ನೆಲವು ಕುಡಿಯದೆ ಬಿಡುವ ಭಾಗದಿಂದ ಮತ್ತೆ ಗುಣಿಸಿ, 360ರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಘನ ಮೀಟರೆಂದು ದೊರೆಯುವುದು. ದೃಷ್ಟಾಂತಕ್ಕೆ 36 ಹೆಕ್ಟೇರಿನ ಹೊಲಗದ್ದೆಗಳೂ, ಗಂಟೆಗೆ 50 ಮಿಲಿಮೀಟರಿನ ಮಳೆಯೂ ಇರಲಿ. ಹತ್ತರಲ್ಲಿ ಮೂರು ಪಾಲು ಹರಿದರೆ ಒಂದೂವರೆ ಘನ ಮೀಟರು. ಅದೇ ನೆಲಕ್ಕೆ ತಗಡಿನ ಛಾವಣಿಯೂ ಸಿಮೆಂಟಿನ ಅಂಗಳವೂ ಬಂದು ಎಂಟು ಪಾಲು ಹರಿದರೆ ನಾಲ್ಕು. ಇಷ್ಟಕ್ಕೇ ಮುಗಿಯಲಿಲ್ಲ. ನುಣುಪಾದ ನೆಲದ ಮೇಲೆ ಎಲ್ಲ ಮೂಲೆಗಳ ನೀರೂ ಮೋರಿಯ ಬಾಯಿಗೆ ಬೇಗನೆ ಬಂದು ಸೇರುವುದರಿಂದ, ಅಲ್ಪಕಾಲದ ಬಿರುಸು ಮಳೆಯನ್ನೇ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. 50ರ ಬದಲು 75 ಎಂದರೆ ಆರು ಘನ ಮೀಟರು! ಹಳ್ಳವು ಹಳೆಯದೇ, ಆಕಾಶವೂ ಹಳೆಯದೇ. ನೀರು ಮಾತ್ರ ನಾಲ್ಮಡಿ.

ಇನ್ನು ಕೊಳವೆಯ ವಿಚಾರ. ಇನ್ನೂರಕ್ಕೆ ಒಂದರ ಇಳಿಜಾರಿನಲ್ಲಿ ಒಂದು ಮೀಟರು ವ್ಯಾಸದ ಕಾಂಕ್ರೀಟು ಕೊಳವೆ ತುಂಬಿ ಹರಿದರೆ ಸುಮಾರು 1.7 ಘನ ಮೀಟರನ್ನು ಸಾಗಿಸುವುದು. ಅಂಥವು ಎರಡಿದ್ದರೆ 3.4. ಆದರೆ 1.4 ಮೀಟರಿನ ಒಂದೇ ಕೊಳವೆ ನಾಲ್ಕಕ್ಕೂ ಮೀರಿ ಸಾಗಿಸುತ್ತದೆ. ಅದರ ಬಾಯಿಯ ವಿಸ್ತಾರವಾದರೋ ಆ ಎರಡರ ಒಟ್ಟು ವಿಸ್ತಾರಕ್ಕಿಂತ ಕೊಂಚ ಕಿರಿದೇ. ಗೋಡೆಗೆ ತಾಗಿ ತಡೆಯುವ ನೀರು ದೊಡ್ಡ ಕೊಳವೆಯಲ್ಲಿ ಪ್ರಮಾಣಾನುಸಾರವಾಗಿ ಕಡಿಮೆ ಎಂಬುದೇ ಇದಕ್ಕೆ ಕಾರಣ. ಈ ಲೆಕ್ಕದ ಸೂತ್ರವನ್ನು ಇಂಜಿನಿಯರುಗಳ ಸಭೆಯ ಮುಂದೆ 1889ರಲ್ಲಿ ಇಟ್ಟ ರಾಬರ್ಟ್ ಮ್ಯಾನಿಂಗನು ಜಲಶಾಸ್ತ್ರವನ್ನು ಯಾವ ಗುರುವಿನಿಂದಲೂ ಕಲಿತವನಲ್ಲ. ಆಗ ಅವನಿಗೆ 73 ವರ್ಷ. ವಿಶ್ರಾಂತಿವೇತನದ ಮೇಲಿರುವ ವಾಚಕರಿಗೆ ಇದು ರುಚಿಸಬಹುದು.

ರಸ್ತೆಯಡಿಯ ಮೋರಿ ಸಾಲದೆ ಹೋದರೆ ಅಗೆದು ಬದಲಿಸಬಹುದು. ಯಂತ್ರಗಳು ಕುಳಿತಿರುವ ಕಟ್ಟಡದಡಿಯ ಮೋರಿಗೆ ಆ ಯೋಗವಿಲ್ಲ. ಇಪ್ಪತ್ತೈದು ವರ್ಷಗಳಿಗೊಮ್ಮೆ ಬರುವ ಮಳೆಗೆ ಅಳೆದರೆ ಸಾಕೆಂದು ಮಾಲೀಕನು ಸಮಾಧಾನಪಡಬಹುದು. ಆದರೆ ಕಟ್ಟಡವು 50 ವರ್ಷ ಬಾಳುವುದಾದರೆ, ಅಂಥ ಮಳೆಯೋ ಅದಕ್ಕೆ ಮಿಗಿಲಾದುದೋ ಒಮ್ಮೆಯಾದರೂ ಬಂದೇ ಬರುವ ಸಂಭವ ನೂರಕ್ಕೆ 87. ಸರಾಸರಿ ಎಂಬ ಪದವು ವಿದ್ಯಾವಂತರನ್ನೂ ಮೋಸಗೊಳಿಸುವಂಥದು.

ಮೋರಿಯನ್ನು ಕಿರಿದುಮಾಡಿ ಉಳಿಸಿದ ಹಣ ಕಾರ್ಖಾನೆಯದು. ತಡೆದ ನೀರು ಹಿಂದಕ್ಕೇರಿ ಮೊದಲು ನುಗ್ಗುವುದು ಮೇಲುಭಾಗದ ತಗ್ಗಿನಲ್ಲಿರುವ ಕೂಲಿಗಾರರ ಮನೆಗಳಿಗೆ. ಆದಕಾರಣ ಬಲ್ಲ ಇಂಜಿನಿಯರು ನಕ್ಷೆಯಲ್ಲಿ ಮೊದಲು ಗುರುತಿಸುವುದು ಆ ಮನೆಗಳ ಹೊಸಿಲಿನ ಮಟ್ಟವನ್ನು. ಬಾಯಿಗೆ ಕಸ ಕಟ್ಟಿದರೂ ಹೆಚ್ಚಿನ ನೀರು ನೆಲದ ಮೇಲೆಯೇ ದಾಟಿಹೋಗಲೆಂದು ಕಟ್ಟಡಗಳ ನಡುವೆ ಒಂದು ತಗ್ಗುದಾರಿಯನ್ನೂ ಅವನು ಬಿಡಿಸುತ್ತಾನೆ. ಬರಿದಾಗಿ ಬಿದ್ದಿರುವ ಆ ದಾರಿಯ ಮೇಲೆ ಕೆಲವು ವರ್ಷಗಳಲ್ಲಿ ಒಂದು ಗೋದಾಮು ಏಳುವುದುಂಟು.