ದಾಳಿಂಬೆ ಹಾಕದ ಮೊಸರನ್ನ ಸಿಗುತ್ತಾ?

‘ಮಕ್ಕಳ ಜೊತೆ ಹೋಗಬಹುದಾದ ರೆಸ್ಟೋರೆಂಟ್’ ಅಂತ ಬೆಂಗಳೂರಿನಲ್ಲಿ ಕೂತು ಒಮ್ಮೆ ಗೂಗಲ್ ಮಾಡಿ ನೋಡಿ. ಪ್ಲೇ ಏರಿಯಾ ಇರೋದು, ಬಲೂನ್ ಕೊಡೋದು, ಗೋಡೆ ತುಂಬ ಕಾರ್ಟೂನ್ ಇರೋದು, ಬರ್ತ್‌ಡೇ ಅಂದರೆ ಇಡೀ ಸ್ಟಾಫ್ ಬಂದು ಚಪ್ಪಾಳೆ ತಟ್ಟಿ ಹಾಡೋದು, ಇಂಥವೇ ಮೊದಲು ಬರುತ್ತವೆ. ನನ್ನ ಮಗನಿಗೆ ಐದೂವರೆ ವರ್ಷ. ಅವನಿಗೆ ಆಟಿಸಂ ಇದೆ. ಈ ಪಟ್ಟಿಯಲ್ಲಿರುವ ಯಾವುದೇ ಒಂದು ಸಾಕು, ಅವನು ಎರಡೂ ಕಿವಿ ಮುಚ್ಚಿಕೊಂಡು ಟೇಬಲ್ ಕೆಳಗೆ ಸೇರೋದಕ್ಕೆ.

ಹಾಗಾಗಿ ಹೊರಗೆ ಊಟಕ್ಕೆ ಹೋಗೋ ವಿಷಯದಲ್ಲಿ ನಾನು ಬಂದು ನಿಂತಿರುವ ತೀರ್ಮಾನ ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮಂಥವರಿಗೆ ಈ ಊರಲ್ಲಿ ಎರಡೇ ಥರದ ಹೋಟೆಲ್ ಹೊಂದೋದು. ಒಂದು, ಬೀದಿ ಕೊನೆಯ ದರ್ಶಿನಿ. ಇನ್ನೊಂದು, ಬಿಳಿ ಬಟ್ಟೆ ಹಾಸಿದ ಟೇಬಲ್ ಇರುವ, ಸ್ವಲ್ಪ ಹಳೇ ಕಾಲದ, ಜೇಬಿಗೆ ಭಾರವಾದ ಹೋಟೆಲ್. ಇವೆರಡರ ಮಧ್ಯೆ ಇರೋದೆಲ್ಲ ಕಷ್ಟ.

ದರ್ಶಿನಿ ಯಾಕೆ ಅಂತ ಹೇಳಬೇಕಾಗಿಲ್ಲ. ಟೋಕನ್ ತಗೊಂಡ ಐದು ನಿಮಿಷಕ್ಕೆ ದೋಸೆ ಕೈಯಲ್ಲಿರುತ್ತೆ. ಕಾವಲಿ ಮೇಲೆ ಹಿಟ್ಟು ಸುತ್ತೋದನ್ನ ಪುಟ್ಟ ಕಣ್ಣು ಮಿಟುಕಿಸದೆ ನೋಡ್ತಾನೆ. ಮುಂದಿನ ಬಾಗಿಲು ಪೂರ್ತಿ ತೆಗೆದಿರೋದರಿಂದ ಶಬ್ದ ಆಚೆ ಹೋಗುತ್ತೆ. ಅವನು ಕುಣಿದರೂ ಯಾರೂ ತಿರುಗಿ ನೋಡಲ್ಲ, ಯಾಕಂದ್ರೆ ಅಲ್ಲಿ ಎಲ್ಲರೂ ನಿಂತೇ ಇರ್ತಾರೆ. ಆದರೆ ನಮ್ಮಪ್ಪ ಅಮ್ಮನ ಮದುವೆಯಾಗಿ 35 ವರ್ಷ ತುಂಬಿದಾಗ ದರ್ಶಿನಿ ಸಾಕು ಅಂತ ನನಗೆ ಅನ್ನಿಸಲಿಲ್ಲ.

ಅಪ್ಪ ಹಾಸನದ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ನನ್ನ ಎಂಜಿನಿಯರಿಂಗ್ ಫೀಸು, ತಮ್ಮನ ಹಾಸ್ಟೆಲ್ಲು ಅಂತ ದುಡ್ಡೆಲ್ಲ ಅಲ್ಲೇ ಹೋಯ್ತು. ಸ್ಟಾರ್ ಹೋಟೆಲ್ ಒಳಗೆ ಅವರು ಕಾಲಿಟ್ಟಿರಲಿಲ್ಲ. ‘ಒಂದ್ಸಲ ಆ ಥರ ಬಿಳಿ ಬಟ್ಟೆ ಹಾಸಿರೋ ಕಡೆ ಕೂತು ಊಟ ಮಾಡ್ಬೇಕಮ್ಮ’ ಅಂತ ಯಾವಾಗಲೋ ನಗ್ತಾ ಹೇಳಿದ್ದು ನನ್ನ ತಲೆಯಲ್ಲಿ ಉಳಿದಿತ್ತು. ವಿಷಯ ಎತ್ತಿದ ಕೂಡಲೇ ಅಮ್ಮ ತಮ್ಮ ಎಂದಿನ ಮಾತು ಹೇಳಿದ್ರು: ‘ನೀವೆಲ್ಲ ಹೋಗಿ ಬನ್ನಿ. ಪುಟ್ಟನ್ನ ನಾನು ಮನೇಲಿ ನೋಡ್ಕೋತೀನಿ.’

ಈ ಒಂದು ವಾಕ್ಯ ನಮ್ಮನೆಯಲ್ಲಿ ಮೂರು ವರ್ಷದಿಂದ ಓಡ್ತಾ ಇದೆ. ಮದುವೆ, ಗೃಹಪ್ರವೇಶ, ಸಿನಿಮಾ, ಏನೇ ಇರಲಿ, ಒಬ್ಬರು ಮನೆಯಲ್ಲಿ. ಒಂದ್ಸಲ ನಾನು, ಒಂದ್ಸಲ ನನ್ನ ಗಂಡ, ಹೆಚ್ಚು ಸಲ ಅಮ್ಮ. ತಮ್ಮದೇ ಮದುವೆಯ ವಾರ್ಷಿಕೋತ್ಸವಕ್ಕೂ ಅವರು ಮನೆಯಲ್ಲಿ ಕೂರೋದು ಅಂದರೆ! ಅಪ್ಪ ಅಷ್ಟೇ ಗಟ್ಟಿಯಾಗಿ ಹೇಳಿದ್ರು, ‘ಮೊಮ್ಮಗ ಬರಲ್ಲ ಅಂದ್ರೆ ನಾನೂ ಬರಲ್ಲ.’ ಅಲ್ಲಿಂದ ಶುರುವಾಯ್ತು ನನ್ನ ರಿಸರ್ಚ್.

ಆಟಿಸಂ ಅಂದ ತಕ್ಷಣ ಜನ ಮಾತು ಬರೋದು ತಡ, ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ ಅನ್ನೋದನ್ನಷ್ಟೇ ಯೋಚಿಸ್ತಾರೆ. ಶಬ್ದ, ಬೆಳಕು, ವಾಸನೆ, ಸ್ಪರ್ಶ ಇವು ಕೆಲವರಿಗೆ ಅತಿಯಾಗಿ, ಕೆಲವರಿಗೆ ತೀರಾ ಕಡಿಮೆಯಾಗಿ ತಟ್ಟುತ್ತವೆ. 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಇದನ್ನೂ ಆಟಿಸಂ ಗುರುತಿಸುವ ಲಕ್ಷಣಗಳ ಸಾಲಿಗೆ ಸೇರಿಸಿದ್ದಾರೆ. ಪುಟ್ಟನಿಗೆ ಶಬ್ದವೇ ಮುಖ್ಯ ಶತ್ರು. ಅದಕ್ಕೆ ಹೋಟೆಲ್ ಹುಡುಕುವಾಗ ನಾನು ಮೆನು ನೋಡೋದಕ್ಕಿಂತ ಮೊದಲು ಫೋಟೋದಲ್ಲಿ ನೆಲ, ಗೋಡೆ, ಸೀಲಿಂಗ್ ನೋಡ್ತೀನಿ. ಗೆಳತಿಯರು ನಗ್ತಾರೆ, ‘ಊಟಕ್ಕೆ ಹೋಗ್ತಿದೀಯಾ, ಮನೆ ಕೊಳ್ಳೋಕೆ ಹೋಗ್ತಿದೀಯಾ?’

ಈಗಿನ ಫ್ಯಾಷನ್ ಗೊತ್ತಲ್ಲ: ಬರೀ ಕಾಂಕ್ರೀಟ್ ಗೋಡೆ, ಗಾಜು, ಎತ್ತರದ ಸೀಲಿಂಗು, ಮೇಲೆ ಕಾಣೋ ಹಾಗೆ ಎಸಿ ಪೈಪು. ಇನ್‌ಸ್ಟಾಗ್ರಾಂನಲ್ಲಿ ಚೆಂದ. ಆದರೆ ಎದ್ದ ಒಂದೊಂದು ಸದ್ದೂ ಗೋಡೆಯಿಂದ ಗೋಡೆಗೆ ಬಡಿದು ವಾಪಸ್ ಬರುತ್ತೆ. ಅದರ ಮೇಲೆ ಮಾತಾಡೋಕೆ ಎಲ್ಲರೂ ದನಿ ಏರಿಸ್ತಾರೆ, ಇನ್ನಷ್ಟು ಗದ್ದಲ. ಫೋನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕ್ಕೊಂಡು ಹೋಗೋದು ನನ್ನ ಅಭ್ಯಾಸ. ಅದು ಲ್ಯಾಬ್ ಉಪಕರಣದಷ್ಟು ನಿಖರ ಅಲ್ಲ, ಆದರೆ ಎರಡು ಜಾಗ ಹೋಲಿಸೋಕೆ ಸಾಕು. ಇಬ್ಬರು ಮಾಮೂಲಿ ದನಿಯಲ್ಲಿ ಮಾತಾಡಿದರೆ ಸುಮಾರು 60 ಡೆಸಿಬಲ್. ಆಫೀಸ್ ಟೀಮ್ ಲಂಚಿಗೆ ಹೋಗಿದ್ದ ಒಂದು ಹೊಸ ಜಾಗದಲ್ಲಿ ಶುಕ್ರವಾರ ಮಧ್ಯಾಹ್ನ 84 ತೋರಿಸ್ತು. 24 ತಾನೇ ಜಾಸ್ತಿ ಅನ್ನಬೇಡಿ. ಡೆಸಿಬಲ್ 10 ಏರಿದರೆ ಶಬ್ದದ ತೀವ್ರತೆ 10 ಪಟ್ಟು ಏರುತ್ತೆ, ಕಿವಿಗೆ ಹೆಚ್ಚು ಕಡಿಮೆ ಎರಡರಷ್ಟು ಜೋರಾಗಿ ಕೇಳುತ್ತೆ.

ಹಳೇ ಸ್ಟಾರ್ ಹೋಟೆಲುಗಳಲ್ಲಿ ಕಾರ್ಪೆಟ್ ಇರುತ್ತೆ, ದಪ್ಪ ಪರದೆ ಇರುತ್ತೆ, ಮೆತ್ತನೆಯ ಕುರ್ಚಿ, ಟೇಬಲ್ ಮೇಲೆ ಬಟ್ಟೆ. ಇವೆಲ್ಲ ಶಬ್ದ ಕುಡಿಯೋ ವಸ್ತುಗಳು. ಟೇಬಲುಗಳ ನಡುವೆ ಜಾಗವೂ ಜಾಸ್ತಿ. ದುಬಾರಿ ಬಿಲ್ಲಿನಲ್ಲಿ ನಾವು ಕೊಡೋ ದುಡ್ಡಿನ ಅರ್ಧ ಈ ಮೌನಕ್ಕೇ ಅಂತ ನನ್ನ ಲೆಕ್ಕ. ಆಚೆ ಕೂರೋ ವ್ಯವಸ್ಥೆ ಇದ್ದರಂತೂ ಇನ್ನೂ ಒಳ್ಳೇದು, ಶಬ್ದ ಬಡಿಯೋಕೆ ಗೋಡೆಯೇ ಇರಲ್ಲ. ರೆಸಿಡೆನ್ಸಿ ರೋಡಿನಲ್ಲಿ 1990ರಲ್ಲಿ ಶುರುವಾದ ‘ಕರಾವಳಿ’ಯಲ್ಲಿ ಮರದ ನೆರಳಿನ ಅಂಗಳದಲ್ಲಿ ಕೂತು ಊಟ ಮಾಡಬಹುದು. ಮೊದಲು ಅದನ್ನೇ ಅಂದುಕೊಂಡಿದ್ದೆ. ಅಪ್ಪ ‘ಮೀನಿನ ವಾಸನೆ ನನಗೆ ಆಗಲ್ಲಮ್ಮ’ ಅಂದ್ರು. ಮೊಮ್ಮಗನ ಮೂಗು ಎಲ್ಲಿಂದ ಬಂದಿದೆ ಅಂತ ಆಗ ಗೊತ್ತಾಯ್ತು.

ಕೊನೆಗೆ ಮೂರು ಜಾಗ ಉಳಿದವು. ಮೂರಕ್ಕೂ ಫೋನ್ ಮಾಡಿದೆ. ಆ್ಯಪಲ್ಲಿ ಬುಕ್ ಮಾಡೋದು ಬೇಡ ಅಂತ ನಾನು ಹೇಳೋದು ಇದಕ್ಕೇ. ರೇಟಿಂಗ್ ಹೇಳದ್ದನ್ನ ಎರಡು ನಿಮಿಷದ ಫೋನು ಹೇಳುತ್ತೆ. ‘ನನ್ನ ಮಗನಿಗೆ ಆಟಿಸಂ ಇದೆ, ಜೋರು ಶಬ್ದ ಆಗಲ್ಲ, ಮೂಲೆಯ ಟೇಬಲ್ ಬೇಕು’ ಅಂತ ನೇರವಾಗಿ ಹೇಳಿದೆ. ಮೊದಲನೆಯವರು, ‘ಡೋಂಟ್ ವರಿ ಮೇಡಂ, ನಮ್ಮಲ್ಲಿ ಕಿಡ್ಸ್ ಮೆನು ಇದೆ’ ಅಂದ್ರು. ಪಾಪ, ಅವರಿಗೆ ಪ್ರಶ್ನೆಯೇ ತಲುಪಿರಲಿಲ್ಲ. ಎರಡನೆಯವರು ತುಂಬಾ ಮೃದುವಾಗಿ, ‘ಬೇರೆ ಗೆಸ್ಟ್‌ಗಳಿಗೆ ಡಿಸ್ಟರ್ಬ್ ಆಗಬಾರದಲ್ವಾ ಮೇಡಂ’ ಅಂದ್ರು. ಮೂರನೆಯ ಕಡೆ ಫೋನ್ ಎತ್ತಿದ ಹುಡುಗ ಒಂದು ಕ್ಷಣ ಸುಮ್ಮನಿದ್ದು ಕೇಳಿದ, ‘ಯಾವ ಥರದ ಶಬ್ದ ಆಗಲ್ಲ ಮೇಡಂ? ಮ್ಯೂಸಿಕ್ಕಾ, ಪಾತ್ರೆ ಸದ್ದಾ?’ ಅಲ್ಲೇ ಬುಕ್ ಮಾಡಿದೆ. ಹೆಸರು ಬರೆದರೆ ಜಾಹೀರಾತಾಗುತ್ತೆ, ಬಿಡಿ.

ಎರಡನೆಯವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ, ಆಟಿಸಂ ಅದರಲ್ಲೊಂದು. 1995ರ ಹಳೆಯ ಕಾಯ್ದೆಯ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕಾನೂನು ಬದಲಾಯ್ತು, ಆದರೆ ‘ರ‍್ಯಾಂಪ್ ಇದೆಯಾ’ ಅಂತ ಕೇಳಿದರೆ ಅರ್ಥವಾಗುವಷ್ಟು ಸುಲಭವಾಗಿ ‘ಮ್ಯೂಸಿಕ್ ಸ್ವಲ್ಪ ಕಡಿಮೆ ಮಾಡ್ತೀರಾ’ ಅನ್ನೋದು ಯಾರಿಗೂ ಅರ್ಥವಾಗಲ್ಲ. ಬ್ರಿಟನ್ನಿನಲ್ಲಿ ಮಾರಿಸನ್ಸ್ ಅನ್ನೋ ಸೂಪರ್‌ಮಾರ್ಕೆಟ್ 2018ರಲ್ಲಿ ಶನಿವಾರ ಬೆಳಗ್ಗೆ 9ರಿಂದ 10ರವರೆಗೆ ‘ಕ್ವೈಟ್ ಅವರ್’ ಶುರುಮಾಡ್ತು. ಮ್ಯೂಸಿಕ್ ಇಲ್ಲ, ಬೆಳಕು ಮಂದ, ಬಿಲ್ಲಿಂಗ್ ಮೆಷಿನ್ನಿನ ಬೀಪ್ ಕಡಿಮೆ. ನಮ್ಮ ಹೋಟೆಲುಗಳು ಹಾಗೆ ಮಾಡುವವರೆಗೆ ನಾನು ಕಂಡುಕೊಂಡಿರೋ ಉಪಾಯ ಒಂದೇ: ಖಾಲಿ ಹೊತ್ತಲ್ಲಿ ಹೋಗೋದು. ಅಪ್ಪ ಅಮ್ಮನ ಮದುವೆ ದಿನ ಶನಿವಾರ ಬಿದ್ದಿತ್ತು. ನಾವು ಹೋಗಿದ್ದು ಮುಂದಿನ ಮಂಗಳವಾರ ಮಧ್ಯಾಹ್ನ, ಬಾಗಿಲು ತೆಗೆಯೋ ಹನ್ನೆರಡೂವರೆಗೆ. ಅರ್ಧ ದಿನ ರಜೆ ಹಾಕಿದೆ.

ದೊಡ್ಡ ಹೋಟೆಲಿನ ನಿಜವಾದ ತೊಂದರೆ ಕಾಯೋದು. ಅಲ್ಲಿ ನಿಧಾನವೇ ಮರ್ಯಾದೆ. ಮೊದಲು ನೀರು, ಆಮೇಲೆ ಮೆನು, ಸೂಪು, ಸ್ಟಾರ್ಟರ್, ಊಟ ಬರೋಷ್ಟರಲ್ಲಿ ಮುಕ್ಕಾಲು ಗಂಟೆ. ಪುಟ್ಟನ ತಾಳ್ಮೆ ಹನ್ನೆರಡು ನಿಮಿಷ. ಅದಕ್ಕೆ ಅವನ ಊಟ ಮೊದಲೇ ಹೇಳಿಟ್ಟೆ. ಅವನು ತಿನ್ನೋದು ಮೊಸರನ್ನ. ಆದರೆ ಸ್ಟಾರ್ ಹೋಟೆಲಿನ ಮೊಸರನ್ನ ಅಂದರೆ ಅದರಲ್ಲಿ ದಾಳಿಂಬೆ, ದ್ರಾಕ್ಷಿ, ಗೋಡಂಬಿ, ಒಗ್ಗರಣೆ, ಮೇಲೆ ಕೊತ್ತಂಬರಿ. ನಮಗೆ ಅದು ಅಲಂಕಾರ. ಅವನಿಗೆ ಮೃದುವಾದ ಅನ್ನದ ಮಧ್ಯೆ ಹಲ್ಲಿಗೆ ಪಟ್ ಅಂತ ಒಡೆಯೋ ದಾಳಿಂಬೆ ಕಾಳು ಅಂದರೆ ನಂಬಿಕೆದ್ರೋಹ. ಫೋನಲ್ಲಿ ಹೇಳಿದ್ದೆ: ಬಿಸಿಯಿಲ್ಲದ ಬರೀ ಅನ್ನ ಒಂದು ಬಟ್ಟಲಲ್ಲಿ, ಬರೀ ಮೊಸರು ಇನ್ನೊಂದರಲ್ಲಿ, ಕಲೆಸೋದು ನಾವು. ‘ದಾಳಿಂಬೆ ಹಾಕದ ಮೊಸರನ್ನ ಸಿಗುತ್ತಾ’ ಅನ್ನೋ ನನ್ನ ಪ್ರಶ್ನೆಗೆ ಆ ಹುಡುಗ ನಗಲಿಲ್ಲ, ಬರೆದುಕೊಂಡ. ನಾವು ಕೂತ ನಾಲ್ಕೇ ನಿಮಿಷಕ್ಕೆ ಎರಡು ಬಟ್ಟಲು ಬಂದವು.

ಟಾಯ್ಲೆಟ್ ಬಗ್ಗೆ ಒಂದು ಮಾತು. ಇದನ್ನ ಯಾವ ರಿವ್ಯೂನಲ್ಲೂ ಬರೆಯಲ್ಲ. ಕೈ ಒಣಗಿಸೋ ಯಂತ್ರ ಭರ್ರ್ ಅಂತ ಶುರುವಾದರೆ ನಮ್ಮ ಊಟ ಅಲ್ಲಿಗೇ ಮುಗೀತು. ಬಟ್ಟೆಯ ಕೈಒರೆಸು ಮಡಚಿಟ್ಟಿರೋ ಜಾಗವೇ ನಮಗೆ ಸ್ವರ್ಗ. ಅದನ್ನೂ ಕೇಳಿಯೇ ಹೋಗಿದ್ದೆ. ಹಿಂದಿನ ನಾಲ್ಕು ದಿನ ಆ ಹೋಟೆಲಿನ ಬಾಗಿಲು, ಟೇಬಲು, ಟಾಯ್ಲೆಟ್ ಫೋಟೋಗಳನ್ನ ಫೋನಲ್ಲಿ ಸಾಲಾಗಿ ಇಟ್ಟು ಪುಟ್ಟನಿಗೆ ತೋರಿಸಿದ್ವಿ. ಥೆರಪಿಸ್ಟ್ ಹೇಳಿಕೊಟ್ಟದ್ದು ಇದು. ಮೊದಲು ಕಾರು, ಆಮೇಲೆ ಬಾಗಿಲು, ಆಮೇಲೆ ಬಿಳಿ ಟೇಬಲ್, ಆಮೇಲೆ ಮೊಸರನ್ನ, ಆಮೇಲೆ ಮನೆ. ‘ಆಮೇಲೆ ಮನೆ’ ಅನ್ನೋದು ಬಹಳ ಮುಖ್ಯ.

ಊಟ ಅರ್ಧ ಆಗಿತ್ತು. ಸ್ಟೂವರ್ಡ್ ಬಂದು ನನ್ನ ಕಿವಿ ಹತ್ತಿರ ಬಗ್ಗಿ, ‘ಮೇಡಂ, ಆ ಕಡೆ ಟೇಬಲ್‌ನಲ್ಲಿ ಐದು ನಿಮಿಷಕ್ಕೆ ಕೇಕ್ ಕಟ್ ಮಾಡ್ತಾರೆ, ಹಾಡ್ತಾರೆ. ಮಗುನ ಆಚೆ ಗಾರ್ಡನ್‌ಗೆ ಕರ್ಕೊಂಡು ಹೋಗ್ತೀರಾ?’ ಅಂದ್ರು. ನಾನು ಏಳೋ ಮೊದಲೇ ಅಪ್ಪ ಎದ್ದಿದ್ರು. ರೋಟಿ ಅರ್ಧಕ್ಕೇ ಬಿಟ್ಟು, ಮಡಿಲ ಮೇಲಿದ್ದ ನ್ಯಾಪ್ಕಿನ್ ಕುರ್ಚಿ ಮೇಲಿಟ್ಟು, ಪುಟ್ಟನ ಕೈ ಹಿಡಿದು ನಡೆದೇಬಿಟ್ರು. ಗಾಜಿನ ಆಚೆ ತಾತ, ಮೊಮ್ಮಗ ಕಾರಂಜಿ ಮುಂದೆ ಕೂತಿರೋದು ಕಾಣ್ತಿತ್ತು. ಪುಟ್ಟ ನೀರಿನ ಕಡೆ ಎರಡೂ ಕೈ ಜೋರಾಗಿ ಬೀಸ್ತಿದ್ದ, ಖುಷಿಯಾದಾಗ ಅವನು ಮಾಡೋ ಹಾಗೆ. ಅಪ್ಪನೂ ಬೀಸ್ತಿದ್ರು. ಪಕ್ಕದಲ್ಲಿ ಹೋಗ್ತಿದ್ದ ಸೂಟಿನವರೊಬ್ಬರು ನಿಂತು ನೋಡಿದ್ರು. ಅಪ್ಪ ಅವರಿಗೂ ಕೈ ಬೀಸಿದ್ರು.

ಅಮ್ಮ ಮಾತ್ರ ಏಳಲಿಲ್ಲ. ಕೂತೇ ಇದ್ರು. ಬಿಸಿಯಾಗಿ ಬಂದದ್ದನ್ನ ಬಿಸಿ ಇರುವಾಗಲೇ ತಿಂದ್ರು, ಒಂದು ಐಸ್‌ಕ್ರೀಂ ಕೂಡ ಹೇಳಿದ್ರು. ‘ಎಷ್ಟು ದಿನ ಆಯ್ತೇ ನಾನು ಹೀಗೆ ಕೂತು’ ಅಂದ್ರು. ಅಷ್ಟೇ ಅಂದಿದ್ದು.

ಇನ್ನೊಂದು ಕಡೆಯೂ ಇದೆ, ಅದನ್ನೂ ಹೇಳಬೇಕು. ಪಕ್ಕದ ಟೇಬಲಿನವರೂ ದುಡ್ಡು ಕೊಟ್ಟೇ ಬಂದಿರ್ತಾರೆ. ಅವರಿಗೂ ಅದು ವರ್ಷಕ್ಕೊಂದು ದಿನ ಇರಬಹುದು. ನಾವು ಮನೆಯಲ್ಲೇ ನಿರ್ಧಾರ ಮಾಡಿಕೊಂಡು ಹೋಗ್ತೀವಿ: ಅವನು ಕಿರುಚೋಕೆ ಶುರುಮಾಡಿದರೆ ಮೊದಲ ಸರದಿ ಗಂಡಂದು, ಎರಡನೇದು ನಂದು, ಮೂರನೇ ಸಲಕ್ಕೆ ಪಾರ್ಸಲ್ ಮತ್ತು ಬಿಲ್. ಟ್ಯಾಬ್ ಕೊಟ್ಟರೆ ಸೌಂಡ್ ಸೊನ್ನೆ. ಇದು ಅವನನ್ನ ಬಚ್ಚಿಡೋದಲ್ಲ, ಪಕ್ಕದವರಿಗೆ ಮಾಡೋ ಮಾಮೂಲಿ ಮರ್ಯಾದೆ. ಹಾಗಂತ ಬೇರೊಂದು ಕಡೆ ಒಬ್ಬ ಆಂಟಿ ನಮ್ಮ ಟೇಬಲ್‌ವರೆಗೂ ಬಂದು ‘ಎರಡು ಏಟು ಕೊಟ್ರೆ ಸರಿಹೋಗ್ತಾನೆ’ ಅಂತ ಸಲಹೆ ಕೊಟ್ಟಿದ್ರಲ್ಲ, ಅದಕ್ಕೆ ಮರ್ಯಾದೆಯ ಉತ್ತರ ನನ್ನ ಹತ್ತಿರ ಇನ್ನೂ ಇಲ್ಲ.

ಬಿಲ್ ಬಂದಾಗ ಅಪ್ಪ ಕನ್ನಡಕ ಹಾಕ್ಕೊಂಡು ಸಾಲು ಸಾಲಾಗಿ ಓದಿದ್ರು. ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟಲ್ಲಿ ಜಿಎಸ್‌ಟಿ 18% ಅಂತ ನೋಡಿ, ‘ಈ ಟ್ಯಾಕ್ಸಲ್ಲೇ ನಮ್ಮೂರಲ್ಲಿ ಎಲ್ರಿಗೂ ಊಟ ಆಗೋದಲ್ಲಮ್ಮ’ ಅಂದ್ರು. ಮೊಸರಿಗೆ, ಅನ್ನಕ್ಕೆ ದುಡ್ಡು ಹಾಕಿರಲಿಲ್ಲ. ಅದನ್ನೂ ಅವರೇ ಮೊದಲು ಗಮನಿಸಿದ್ದು. ಕರೆದು ಕೇಳಿದ್ರೆ ಸ್ಟೂವರ್ಡ್, ‘ಮೆನುವಿನಲ್ಲಿ ಇಲ್ಲದ್ದಕ್ಕೆ ಹೇಗೆ ಸರ್ ಬಿಲ್ ಮಾಡೋದು’ ಅಂದ್ರು.

ಈಗ ಮೇ ತಿಂಗಳಲ್ಲಿ ನಮ್ಮ ಮಾವನವರಿಗೆ ಅರವತ್ತು ತುಂಬುತ್ತೆ. ಅತ್ತೆ ಛತ್ರ ನೋಡ್ತಿದ್ದಾರೆ, ಮುನ್ನೂರು ಜನ ಅಂತೆ, ವಾಲಗ ಬೇಕೇ ಬೇಕಂತೆ. ಪುಟ್ಟನ್ನ ಮನೇಲಿ ನೋಡ್ಕೋತೀನಿ ಅಂತ ಅಮ್ಮ ಆಗಲೇ ಫೋನ್ ಮಾಡಿದ್ರು, ಬೇಡ ಅಂದಿದ್ದೀನಿ. ಈ ಭಾನುವಾರ ಆ ಛತ್ರದಲ್ಲಿ ಯಾರದೋ ಮುಹೂರ್ತ ಇದೆಯಂತೆ. ಫೋನ್ ಚಾರ್ಜ್ ಮಾಡ್ಕೊಂಡು ಹೋಗಿ, ಊಟದ ಹಾಲ್ ಬಾಗಿಲಲ್ಲಿ ಎಷ್ಟು ಡೆಸಿಬಲ್ ಬರುತ್ತೆ ನೋಡಿಕೊಂಡು ಬರಬೇಕು.